ಕೆನರಾ ಶೇರು, ಕರ್ಣಾಟಕ ಶೇರು: ಎರಡನ್ನೂ ಇಟ್ಟುಕೊಂಡು ನೋಡಿದ್ದು

ಅಪ್ಪನ ಹತ್ತಿರ 1000 ಸಿಂಡಿಕೇಟ್ ಬ್ಯಾಂಕ್ ಶೇರುಗಳಿದ್ದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದೊಳಗೆ ಸೇರಿದಾಗ ಆ ಸಾವಿರಕ್ಕೆ ಸಿಕ್ಕಿದ್ದು ಕೆನರಾದ 158 ಶೇರು. 2024ರಲ್ಲಿ 10 ರೂಪಾಯಿ ಮುಖಬೆಲೆಯ ಶೇರನ್ನು 2 ರೂಪಾಯಿಗೆ ಒಡೆದ ಮೇಲೆ ಅದೇ 790 ಆಯಿತು. ಅಪ್ಪ ಮಾರಲಿಲ್ಲ, ಈಗ ಅವು ನನ್ನ ಹೆಸರಿನಲ್ಲಿವೆ. ಅವುಗಳ ಜೊತೆಗೆ ನಾನು ಕರ್ಣಾಟಕ ಬ್ಯಾಂಕಿನವನ್ನೂ ಕೊಂಡೆ.

ಕೊಂಡದ್ದಕ್ಕೆ ಅರ್ಧ ಕಾರಣ ಅಭಿಮಾನ, ಮುಚ್ಚಿಡುವುದಿಲ್ಲ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ನಮ್ಮ ಹಳೆಯ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವೇ. ಕೆನರಾದ ಪ್ರಧಾನ ಕಚೇರಿ ಬೆಂಗಳೂರಿಗೆ ಹೋಯಿತು, ಉಳಿದ ಮೂರು ಬೇರೆ ಬ್ಯಾಂಕುಗಳಲ್ಲಿ ಕರಗಿದವು. 1924ರ ಕರ್ಣಾಟಕ ಬ್ಯಾಂಕು ಮಾತ್ರ ಇಂದಿಗೂ ಮಂಗಳೂರಿನ ಕಂಕನಾಡಿಯ ಮಹಾವೀರ ವೃತ್ತದಲ್ಲೇ ಇದೆ.

ಇನ್ನರ್ಧ ಕಾರಣ ಬೆಲೆ. ಪುಸ್ತಕ ಮೌಲ್ಯಕ್ಕಿಂತ, ಅಂದರೆ ಬ್ಯಾಂಕಿನ ಆಸ್ತಿಯಲ್ಲಿ ಕೊಡಬೇಕಾದದ್ದನ್ನೆಲ್ಲ ಕಳೆದು ಒಂದು ಶೇರಿಗೆ ಬರುವ ಮೊತ್ತಕ್ಕಿಂತ, ಕಡಿಮೆಗೆ ಸಿಗುತ್ತಿತ್ತು. ಆದರೆ ಅಗ್ಗ ಎಂದ ಕೂಡಲೇ ಕೊಳ್ಳಬಾರದು ಎನ್ನುವುದು ಲೆಕ್ಕಪತ್ರ ಬಿಡಿಸಿದಾಗ ತಿಳಿಯಿತು. 2025ರ ಮಾರ್ಚ್‌ಗೆ ಕರ್ಣಾಟಕದ ನಿವ್ವಳ ಕೆಟ್ಟ ಸಾಲ (ಮರಳದ ಸಾಲದಲ್ಲಿ, ನಷ್ಟಕ್ಕೆಂದು ತೆಗೆದಿಟ್ಟದ್ದನ್ನು ಕಳೆದು ಉಳಿದದ್ದು) ಶೇ. 1.31, ಕೆನರಾದ್ದು ಶೇ. 0.70. ಕರ್ಣಾಟಕದ ಲಾಭ ಆ ವರ್ಷ 1,306 ಕೋಟಿಯಿಂದ 1,272 ಕೋಟಿಗೆ ಇಳಿದರೆ, ಕೆನರಾ 17,000 ಕೋಟಿ ದಾಟಿತ್ತು. ಅದರ ಹಿಂದಿನ ವರ್ಷ ಕರ್ಣಾಟಕ ಹೊಸ ಶೇರು ಹಂಚಿ ಬಂಡವಾಳ ಎತ್ತಿತ್ತು. ಬ್ಯಾಂಕಿಗೆ ಅದರಿಂದ ಬಲ ಬಂತು, ಆದರೆ ಹಳೆಯ ಶೇರುದಾರನ ಪಾಲು ತೆಳುವಾಗುತ್ತದೆ. ಹಾಗಾಗಿ ನಾನು ಒಟ್ಟು ಲಾಭ ಬಿಟ್ಟು, ಒಂದು ಶೇರಿಗೆ ಎಷ್ಟು ಲಾಭ ಎಂಬುದನ್ನೇ ಮೂರು ತಿಂಗಳಿಗೊಮ್ಮೆ ಬರೆದಿಡುತ್ತೇನೆ.

ಕೆನರಾಕ್ಕೂ ಒಂದು ಭಯವಿದೆ. ಅರ್ಧಕ್ಕಿಂತ ಹೆಚ್ಚು ಪಾಲು ಕೇಂದ್ರ ಸರ್ಕಾರದ್ದು. ವಿಲೀನ ಬೇಕೋ ಬೇಡವೋ ಎಂಬ ತೀರ್ಮಾನ ದೆಹಲಿಯಲ್ಲಿ ಆಗುತ್ತದೆ. ಅಪ್ಪನ 158ರ ಲೆಕ್ಕ ಮರೆತಿಲ್ಲ. ಕರ್ಣಾಟಕಕ್ಕೆ ಅಂಥ ಒಡೆಯನಿಲ್ಲ, ದೊಡ್ಡ ಪಾಲು ಹಿಡಿದು ನಡೆಸುವ ಪ್ರವರ್ತಕರೂ ಇಲ್ಲ. ಆಡಳಿತ ಚೆನ್ನಾಗಿದ್ದರೆ ಅದು ದೊಡ್ಡ ಸ್ವಾತಂತ್ರ್ಯ, ಇಲ್ಲದಿದ್ದರೆ ಹೇಳುವವರೇ ಇಲ್ಲ.

ಸದ್ಯ ಕೆನರಾದ್ದು ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ಕರ್ಣಾಟಕದ್ದು ಮಾರಿಲ್ಲ. ಕೆಟ್ಟ ಸಾಲ ಇಳಿದು, ಒಂದು ಶೇರಿಗೆ ಬರುವ ಲಾಭ ಏರುವ ತನಕ ಇನ್ನಷ್ಟು ಕೊಳ್ಳುವುದೂ ಇಲ್ಲ. ಅಮ್ಮನ ದುಡ್ಡು ಮಾತ್ರ ಎಫ್‌ಡಿಯಲ್ಲೇ ಇದೆ. ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯ ತನಕ ಠೇವಣಿಗೆ ವಿಮೆ ಉಂಟು, ಶೇರಿಗೆ ಅದಿಲ್ಲ.