ನಗರದಂಚಿನ ತುಂಡು ಜಮೀನಿಗೆ ಡ್ರಮ್ ಡ್ರಿಪ್ ಕಿಟ್: ಪೈಪು ಪಾಸು, ಡ್ರಮ್ಮು ಫೇಲು

ನಗರದಂಚಿನ ತುಂಡು ಜಮೀನುಗಳು ಪಾಳು ಬೀಳುವುದು ಹೆಚ್ಚಾಗಿ ಮಣ್ಣು ಕೆಟ್ಟಿದೆ ಅಂತಲ್ಲ. ಅಲ್ಲಿ ಕರೆಂಟ್ ಇರುವುದಿಲ್ಲ, ಮಾಲೀಕರು ಜಾಗ ಯಾವಾಗ ವಾಪಸ್ ಕೇಳುತ್ತಾರೋ ಗೊತ್ತಿರುವುದಿಲ್ಲ. ಅಂಥ ನೆಲದಲ್ಲಿ ಪೈಪ್‌ಲೈನ್ ಹೂತು ಪಂಪ್‌ಹೌಸ್ ಕಟ್ಟುವವರು ಯಾರು? ಕೊಯ್ದ ಸೊಪ್ಪು ಅದೇ ದಿನ ಅಡುಗೆಮನೆ ಸೇರುವಷ್ಟು ಹತ್ತಿರವಿದ್ದೂ ಜಾಗ ಖಾಲಿ ಬಿದ್ದಿರುತ್ತದೆ. ಎತ್ತರದಲ್ಲಿಟ್ಟ ಡ್ರಮ್ಮಿನಿಂದ ಪಂಪಿಲ್ಲದೆ ನೀರು ಹರಿಸುವ ಡ್ರಿಪ್ (ಹನಿ ನೀರಾವರಿ) ಕಿಟ್ ಇವೆರಡಕ್ಕೂ ಪರಿಹಾರ ಎಂದು ಮಾರಾಟವಾಗುತ್ತದೆ. ಜಾಗ ಬಿಡಬೇಕಾದಾಗ ಸುತ್ತಿಕೊಂಡು ಹೋಗಬಹುದು, ಆ ಮಟ್ಟಿಗೆ ಮಾತು ನಿಜ. ನೀರಿನ ಲೆಕ್ಕ ಮಾತ್ರ ಕೂಡುವುದಿಲ್ಲ.

500 ಚದರ ಮೀಟರ್ ಕಿಟ್ಟಿನ ಸಾಮಾನ್ಯ ಸೆಟ್ ಹೀಗಿರುತ್ತದೆ: 200 ಲೀಟರ್ ಡ್ರಮ್, ಒಂದು ವಾಲ್ವ್, 120 ಮೆಶ್ (ಇಂಚಿಗೆ 120 ಕಣ್ಣಿನ) ಜಾಲರಿ ಫಿಲ್ಟರ್, 32 ಮಿಮೀ ಸಬ್‌ಮೇನ್ (ಮಡಿಗಳಿಗೆ ನೀರು ಹಂಚುವ ದಪ್ಪ ಪೈಪು), 30 ಸೆಂಮೀಗೊಂದು ಡ್ರಿಪ್ಪರ್ (ನೀರು ತೊಟ್ಟಿಕ್ಕುವ ಕಿಂಡಿ) ಇರುವ 16 ಮಿಮೀ ಲ್ಯಾಟರಲ್ (ಮಡಿಯುದ್ದಕ್ಕೂ ಮಲಗುವ ಸಣ್ಣ ಪೈಪು), ಗ್ರೊಮೆಟ್ (ಸಬ್‌ಮೇನಿನ ತೂತಿಗೆ ಕೂರುವ ರಬ್ಬರ್ ಉಂಗುರ), ಎಂಡ್ ಕ್ಯಾಪ್ (ಪೈಪಿನ ತುದಿಯ ಮುಚ್ಚಳ). 20×25 ಮೀಟರ್ ಜಾಗದಲ್ಲಿ 75 ಸೆಂಮೀ ಮಡಿ, 45 ಸೆಂಮೀ ಓಡಾಟದ ದಾರಿ ಬಿಟ್ಟರೆ 20 ಮಡಿ ಕೂರುತ್ತವೆ. ಬೆಳೆ ನಿಲ್ಲುವ ನೆಲ 300 ಚದರ ಮೀಟರ್. ಬಿಸಿಲುಗಾಲದಲ್ಲಿ ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರ್ ಬೇಕು, ಅಂದರೆ ಕನಿಷ್ಠ 1200 ಲೀಟರ್. ಕೊಟ್ಟ ಡ್ರಮ್ಮನ್ನು ದಿನಕ್ಕೆ ಆರು ಸಲ ತುಂಬಬೇಕು! ಡಬ್ಬದ ಮೇಲಿನ '500' ಪೈಪು ಹರಡುವ ವಿಸ್ತೀರ್ಣವೇ ಹೊರತು ನೀರುಣಿಸುವ ವಿಸ್ತೀರ್ಣವಲ್ಲ. ಡ್ರಮ್ ಬಿಟ್ಟು ಪೈಪಿನ ಸೆಟ್ಟನ್ನಷ್ಟೇ ಕೊಡುವುದಾದರೆ ಅದನ್ನೇ ತೆಗೆದುಕೊಳ್ಳಿ, 1000 ಲೀಟರಿನ ಕಪ್ಪು ಟ್ಯಾಂಕ್ ಬೇರೆ ಹಾಕಿ; ದಿನಕ್ಕೆ ಒಂದು ಸಲ ತುಂಬಿ, ಮೇಲೆ ಸ್ವಲ್ಪ ಸೇರಿಸಿದರೆ 1200 ಲೀಟರ್ ಆಗುತ್ತದೆ. ಬೆಳಕು ತೂರುವ ಟ್ಯಾಂಕಿನಲ್ಲಿ ಪಾಚಿ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. ತುಂಬಿದ ಟ್ಯಾಂಕ್ ಒಂದು ಟನ್ನಿಗೂ ಮೇಲೆ ತೂಗುತ್ತದೆ, ಸಡಿಲ ಇಟ್ಟಿಗೆ ಪೇರಿಸಿ ಕೂರಿಸುವ ಸಾಹಸ ಬೇಡ.

ಟ್ಯಾಂಕಿನ ತಳ 1 ಮೀಟರ್ ಎತ್ತರದಲ್ಲಿದ್ದರೆ ನೀರು ಮುಗಿಯುತ್ತ ಬಂದಾಗ ಸಿಗುವ ಒತ್ತಡ 0.1 ಬಾರ್. 1 ಬಾರ್‌ನಲ್ಲಿ ಗಂಟೆಗೆ 2 ಲೀಟರ್ ಕೊಡುವ ಸಾದಾ ಡ್ರಿಪ್ಪರ್ ಆಗ ಸುಮಾರು 0.6 ಲೀಟರ್ ಕೊಡುತ್ತದೆ. ಮಡಿಗೊಂದು ಸಾಲಿನಂತೆ 400 ಮೀಟರ್ ಲ್ಯಾಟರಲ್‌ನಲ್ಲಿ 1300ಕ್ಕೂ ಹೆಚ್ಚು ಡ್ರಿಪ್ಪರ್ ಇರುವುದರಿಂದ 1200 ಲೀಟರ್ ಹರಿಯಲು ಒಂದೂವರೆ ಗಂಟೆ ಸಾಕು. 'ಪ್ರೆಷರ್ ಕಾಂಪೆನ್ಸೇಟಿಂಗ್' (ಒತ್ತಡ ಏರಿಳಿದರೂ ಒಂದೇ ಸಮ ನೀರು ಕೊಡುವ) ಡ್ರಿಪ್ಪರ್ ಮೇಲ್ದರ್ಜೆಯದು ಎಂದು ಅಂಗಡಿಯಲ್ಲಿ ಹೊಗಳಿದರೆ ಮರುಳಾಗಬೇಡಿ. ಅದಕ್ಕೆ ಸಾಮಾನ್ಯವಾಗಿ 0.5 ಬಾರ್ ಆದರೂ ಬೇಕು, ಇಲ್ಲಿ ಅದು ದಂಡ.

ಜೋಡಿಸುವಾಗ ಎಡವುವುದು ಹೆಚ್ಚಾಗಿ ಇಳಿಜಾರಿನಲ್ಲಿ. ಇಷ್ಟು ಕಡಿಮೆ ಒತ್ತಡದಲ್ಲಿ ನೆಲ 30 ಸೆಂಮೀ ಏರಿದರೆ ಆ ತುದಿಯ ನೀರು ಆರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಸಬ್‌ಮೇನನ್ನು ಜಾಗದ ನಡುವೆ ಎಳೆದು ಎರಡೂ ಕಡೆ 10 ಮೀಟರಿನ ಲ್ಯಾಟರಲ್ ಬಿಡಿ. ಲ್ಯಾಟರಲ್ ಇಳಿಜಾರಿಗೆ ಅಡ್ಡವಾಗಿ, ಸಮಮಟ್ಟದಲ್ಲಿ ಮಲಗಲಿ. ಗ್ರೊಮೆಟ್ ತೂತಿಗೆ ಕಿಟ್ಟಿನಲ್ಲಿ ಬಂದ ಡ್ರಿಲ್ ಬಿಟ್ಟನ್ನೇ ಬಳಸಿ, ಒಂದು ಸೈಜು ದೊಡ್ಡದಾದರೂ ಸೋರುತ್ತದೆ. ಪೈಪಿನ ತುದಿ ಒಳಹೋಗದಿದ್ದರೆ ಬಿಸಿನೀರಿನಲ್ಲಿ ಅರೆಕ್ಷಣ ಅದ್ದಿ. ಎಂಡ್ ಕ್ಯಾಪ್ ಹಾಕುವ ಮುನ್ನ ನೀರು ಬಿಟ್ಟು ತೂತು ಕೊರೆದ ಪ್ಲಾಸ್ಟಿಕ್ ಚೂರನ್ನೆಲ್ಲ ಹೊರಹಾಕಿ. ಆಮೇಲೆ ಮೊದಲ, ನಡು, ಕೊನೆಯ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು 15 ನಿಮಿಷ ನೋಡಿ: ಒಂದೊಂದರಲ್ಲೂ 150 ಮಿಲಿ ಆದರೂ ಇರಬೇಕು, ಟ್ಯಾಂಕ್ ತುಂಬಿದ್ದರೆ ಇನ್ನೂ ಹೆಚ್ಚು. ಎಲ್ಲ ಲೋಟದಲ್ಲೂ ಕಡಿಮೆಯಿದ್ದರೆ ಮೊದಲ ಅನುಮಾನ ಫಿಲ್ಟರಿನ ಮೇಲೆ, ಒಂದೇ ಕಡೆ ಕಡಿಮೆಯಿದ್ದರೆ ಮಡಚಿದ ಪೈಪಿನ ಮೇಲೆ.

ಟೊಮೆಟೊ, ಬದನೆಯಂಥ ಗಿಡಕ್ಕೆ ಮಡಿಗೊಂದು ಲ್ಯಾಟರಲ್ ಚೆನ್ನಾಗಿ ನಡೆಯುತ್ತದೆ. ನಗರದ ಹತ್ತಿರ ಬೆಳೆಯಲು ನಿಜಕ್ಕೂ ಅರ್ಥವಿರುವ ಸೊಪ್ಪಿಗೆ ಅದು ಸಾಲದು. ಮರಳು ಮಣ್ಣಿನಲ್ಲಿ ನೀರು ಪಕ್ಕಕ್ಕೆ ಹರಡದೆ ಕೆಳಗಿಳಿದು, ಮಡಿಯ ನಡುವೆ ಒಂದು ಗೇಣು ಹಸಿರು, ಅಂಚೆಲ್ಲ ಬಾಡಿದ ಸಸಿ ಕಾಣುತ್ತದೆ. ಅಲ್ಲಿ ಮಡಿಗೆ ಮೂರು ಸಾಲು, ಜಿಗುಟು ಮಣ್ಣಾದರೆ ಎರಡು. ಸಾಲು ಹೆಚ್ಚಿಸಿದರೆ ಸಬ್‌ಮೇನಿಗೆ ಇನ್ನೆರಡು ವಾಲ್ವ್ ಸೇರಿಸಿ ಜಾಗವನ್ನು ಭಾಗ ಮಾಡಿ ನೀರು ಬಿಡಬೇಕು. ಬಿತ್ತಿದ ಮೊದಲ ವಾರ ಡ್ರಿಪ್ ನೆಚ್ಚಬೇಡಿ, ಮೊಳಕೆ ಏಳುವವರೆಗೆ ತೂತುಮೂತಿಯ ನೀರಿನ ಕ್ಯಾನಿನಲ್ಲೇ ಚಿಮುಕಿಸಿ.

ನಿರ್ವಹಣೆ ದೊಡ್ಡದೇನಲ್ಲ. ಕೆರೆ ನೀರಾದರೆ ಫಿಲ್ಟರ್ ದಿನಾ ತೊಳೆಯಿರಿ, ವಾರಕ್ಕೊಮ್ಮೆ ಎಂಡ್ ಕ್ಯಾಪ್ ಬಿಚ್ಚಿ ಕೆಸರು ಹೋಗಲು ಬಿಡಿ. ಕಟ್ಟಡದ ಅವಶೇಷ ಸುರಿದ ಜಾಗವಾದರೆ ಗಾಜಿನ ಚೂರು ಆರಿಸಿದ ಮೇಲೆಯೇ ಪೈಪು ಹಾಸಿ. ಹಳೆಯ ಬಣ್ಣದ ಗೋಡೆ, ಕಾರ್ಖಾನೆ ಪಕ್ಕದ ನೆಲವಾದರೆ ಕಿಟ್ ಕೊಳ್ಳುವ ಮೊದಲೇ ಮಣ್ಣಿನಲ್ಲಿ ಸೀಸ ಇದೆಯೇ ಪರೀಕ್ಷೆ ಮಾಡಿಸಿ. ಗುದ್ದಲಿ ಏಟಿಗೆ ಲ್ಯಾಟರಲ್ ತುಂಡಾಗುವುದು ಖಚಿತ, 16 ಮಿಮೀ ಜಾಯಿನರ್ ಹತ್ತಿಪ್ಪತ್ತು ಮೊದಲೇ ತಂದಿಡಿ. ಪೈಪಿನ ಗೋಡೆ ದಪ್ಪನೆಯದೇ ಇರಲಿ: ತೆಳು ಡ್ರಿಪ್ ಟೇಪು (ಚಪ್ಪಟೆ ಪೈಪು) ಬಿಚ್ಚಿ ಸುತ್ತುವಾಗ ಮಡಿಕೆ ಬಿದ್ದಲ್ಲೇ ಸೀಳುತ್ತದೆ, ಇನ್ನೊಂದು ಜಮೀನಿಗೆ ಒಯ್ಯುವ ಮಾತೇ ಬರುವುದಿಲ್ಲ.