ನಿದ್ದೆ ಬಾರದ ರಾತ್ರಿಗೆ ಚಾಟ್‌ಬಾಟ್: ಮೂರು ತಿಂಗಳು ಬಳಸಿ ಬರೆದ ರಿವ್ಯೂ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ನಿದ್ದೆಯೂ ಹೋಯಿತು. ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಅಪ್ಪನ ಆಸ್ಪತ್ರೆ ಸಾಲ, ಜಮೀನು ಭಾಗ, ಮಗಳ ಕಾಲೇಜು ಫೀಸು, ಒಂದರ ಹಿಂದೆ ಒಂದು ತಲೆಯಲ್ಲಿ ತಿರುಗುತ್ತಿದ್ದವು. ಬೆಳಗ್ಗೆ ಮಂಡಿಯಲ್ಲಿ ಪಟ್ಟಿ ಬರೆಯುವಾಗ ಕೈ ತಪ್ಪುತ್ತಿತ್ತು. 15 ಕೆಜಿ ಬಾಕ್ಸಿನ ಲೆಕ್ಕ ನನಗೆ ಬಾಯಿಪಾಠ. 2023ರ ಜುಲೈನಲ್ಲಿ ಒಂದು ಬಾಕ್ಸು 2000 ರೂಪಾಯಿ ದಾಟಿದಾಗಲೂ, ಆ ಗಲಾಟೆಯಲ್ಲೂ, ನಾನು ಒಂದು ಪಟ್ಟಿ ತಪ್ಪು ಬರೆದಿರಲಿಲ್ಲ. ಈಗ ಒಂದೇ ವಾರದಲ್ಲಿ ಎರಡು ಸಲ ತಪ್ಪು ಕೂಡಿಸಿದೆ. ಆ ರೈತ ಬೈಯಲಿಲ್ಲ. "ಯಾಕಣ್ಣ, ಹುಷಾರಿಲ್ವಾ?" ಅಂದ. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದವನು ಮೊಬೈಲಿಗೆ ಮನಸ್ಸಿನ ಆರೋಗ್ಯದ ಒಂದು ಆಪ್ ಹಾಕಿಕೊಟ್ಟ. ಜೊತೆಗೆ ಎಲ್ಲರೂ ಬಳಸುವ ಒಂದು ಎಐ ಚಾಟ್‌ಬಾಟ್ ತೋರಿಸಿದ. "ಮಾಮ, ಡಾಕ್ಟರ್ ಹತ್ರ ಹೋಗೋಕೆ ಮನಸ್ಸಿಲ್ಲ ಅಂದ್ರೆ ಇದಕ್ಕಾದ್ರೂ ಹೇಳ್ಕೊಳ್ಳಿ" ಅಂದ. ಎರಡನ್ನೂ ಮೂರು ತಿಂಗಳು ಬಳಸಿದ್ದೇನೆ. ಆಪ್‌ಗೆ ತಿಂಗಳಿಗೆ ಸುಮಾರು 300 ರೂಪಾಯಿ ಕೊಟ್ಟೆ. ಹೆಸರು ಹಾಕುತ್ತಿಲ್ಲ. ಇವು ಅಪ್‌ಡೇಟ್ ಆದ ಹಾಗೆ ಬದಲಾಗುತ್ತಲೇ ಇರುತ್ತವೆ, ನೀವು ಯಾವುದನ್ನು ಬಳಸಿದರೂ ನಾನು ಇಲ್ಲಿ ಹೇಳುವುದನ್ನು ಒಮ್ಮೆ ನೋಡಿಕೊಳ್ಳಿ ಅಷ್ಟೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಯಾಕಂದ್ರೆ ಒಳ್ಳೆಯದು ನಿಜವಾಗಲೂ ಇದೆ.

ಆಪ್ ಕಲಿಸಿದ್ದರಲ್ಲಿ ನನಗೆ ಜಾಸ್ತಿ ಉಪಯೋಗ ಆಗಿದ್ದು ಚಿಂತೆಗೆ ಟೈಮ್ ಕೊಡುವ ಅಭ್ಯಾಸ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, 15 ನಿಮಿಷ ಕೂತು ಚಿಂತೆಗಳನ್ನೆಲ್ಲ ಬರೆಯಬೇಕು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ "ಸಂಜೆ ನೋಡೋಣ" ಅಂತ ಮುಂದಕ್ಕೆ ಹಾಕಬೇಕು. ನಾನು ಮಂಡಿ ಲೆಕ್ಕ ಮುಗಿದ ಮೇಲೆ ಸಂಜೆ ಐದೂವರೆ ಅಂತ ಇಟ್ಟುಕೊಂಡೆ. ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರದಿಂದ ರಾತ್ರಿ ಎಚ್ಚರ ಆದಾಗ, ಇದನ್ನು ಸಂಜೆ ಬರೆದಾಗಿದೆಯಲ್ಲ, ನಾಳೆ ಮತ್ತೆ ಬರೆಯಬಹುದಲ್ಲ ಅಂತ ಅನ್ನಿಸೋಕೆ ಶುರುವಾಯಿತು. ಇನ್ನೊಂದು, 20 ನಿಮಿಷ ಆದರೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಬೇರೆ ಕಡೆ ಕೂತು, ನಿದ್ದೆ ತೂಗಿದಾಗ ಮಾತ್ರ ವಾಪಸ್ ಬನ್ನಿ ಅಂತ ಹೇಳಿತು. ಇವೆಲ್ಲ ಆಪ್ ಕಂಡುಹಿಡಿದದ್ದಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆಯಲ್ಲ, ಆ ಬಗೆಯ ಚಿಕಿತ್ಸೆಗಳಲ್ಲಿ ಕಲಿಸುವ ಅಭ್ಯಾಸಗಳು. ಬಂದ ಯೋಚನೆಯನ್ನು ಬರೆದು, ಅದಕ್ಕೆ ಆಧಾರ ಏನು, ವಿರುದ್ಧ ಏನು ಅಂತ ಎದುರು ಬದುರು ಇಟ್ಟು ನೋಡುವುದು. ಜಮಾ ಖರ್ಚು ಬರೆಯುವ ನನಗೆ ಅದು ಬೇಗ ಒಗ್ಗಿತು. "ಅಪ್ಪನನ್ನು ಬೇಗ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದರು" ಅಂತ ಒಂದು ಕಡೆ ಬರೆದೆ. ಡಾಕ್ಟರು ಏನು ಹೇಳಿದ್ದರು, ನಾವು ಯಾವ ದಿನ ಎಲ್ಲಿಗೆ ಕರೆದುಕೊಂಡು ಹೋದೆವು, ಎಲ್ಲವನ್ನೂ ಇನ್ನೊಂದು ಕಡೆ ಬರೆದೆ. ಬರೆದಾದ ಮೇಲೆ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಹನ್ನೊಂದು ತಿಂಗಳಲ್ಲಿ ಯಾರ ಜೊತೆಗೂ ಆಡದ ಮಾತು ಅದು.

ಒಂದು ಸಲಹೆ: ಇದನ್ನೆಲ್ಲ ಆಪ್‌ನಲ್ಲೇ ಬಿಡಬೇಡಿ, ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ. ವೋಬಾಟ್ ಅನ್ನುವ ಹೆಸರುವಾಸಿ ಆಪ್ 2025ರ ಜೂನ್ 30ಕ್ಕೆ ನಿಂತೇ ಹೋಯಿತು. ಆಪ್ ಇವತ್ತು ಇರುತ್ತದೆ, ನಾಳೆ ಇಲ್ಲ.

ನಿದ್ದೆಗೆ ಅಂತ ಸದ್ದುಗಳೂ ಇದ್ದವು. ಸಮುದ್ರದ ಅಲೆಯ ಸದ್ದು ನನಗೆ ಏನೂ ಮಾಡಲಿಲ್ಲ. ಮಳೆ ಸದ್ದು ಹಾಕಿದ ರಾತ್ರಿ ಮಲಗಿಬಿಟ್ಟೆ. ಸಾವಿರ ಅಡಿ ಬೋರ್ ಕೊರೆಸಿ ನೀರು ಸಿಗದೆ ಅಪ್ಪ ಕೂತಿದ್ದನ್ನು ನೋಡಿ ಬೆಳೆದವನಿಗೆ ಮಳೆ ಸದ್ದಿನಷ್ಟು ಸಮಾಧಾನ ಬೇರೆ ಯಾವುದು ಕೊಡುತ್ತದೆ ಹೇಳಿ.

ಇನ್ನು ತೊಂದರೆಗೆ ಬರುತ್ತೇನೆ. ಎಐ ಚಾಟ್‌ಬಾಟ್ ಕನ್ನಡದಲ್ಲಿ ಚೆನ್ನಾಗಿಯೇ ಬರೆಯುತ್ತದೆ, ಆದರೆ ಅದು ನಾವು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಜಮೀನು ಭಾಗದ ವಿಷಯದಲ್ಲಿ ತಮ್ಮನ ಜೊತೆ ಮನಸ್ತಾಪ ಇತ್ತು. ಅದನ್ನೆಲ್ಲ ಒಂದು ರಾತ್ರಿ ಬರೆದೆ. "ನಿಮ್ಮ ನೋವು ಸಹಜ, ನಿಮ್ಮ ತಮ್ಮ ನಿಮ್ಮ ತ್ಯಾಗವನ್ನು ಗುರುತಿಸಿಲ್ಲ, ಸ್ವಲ್ಪ ದೂರ ಇರುವುದು ಒಳ್ಳೆಯದು" ಅಂತ ಬಂತು. ಓದಿ ಹಾಯ್ ಅನ್ನಿಸಿತು. ಹದಿನೈದು ದಿನ ತಮ್ಮನ ಫೋನ್ ಎತ್ತಲಿಲ್ಲ. ನನ್ನ ಹೆಂಡತಿ ಅದನ್ನು ಓದಿ, "ನೀವು ನಿಮ್ಮ ಕಡೆಯದ್ದು ಮಾತ್ರ ಹೇಳಿದೀರಿ, ಅದು ನಿಮ್ಮ ಕಡೆಯದ್ದೇ ಹೇಳಿದೆ" ಅಂದಳು. ಅವಳ ಮುಂದೆಯೇ ಹೊಸ ಚಾಟ್ ತೆಗೆದು, ನಾನೇ ತಮ್ಮ ಅಂದುಕೊಂಡು ಅದೇ ಜಗಳ ಬರೆದೆ. "ನಿಮ್ಮ ಅಣ್ಣ ನಿಮ್ಮ ಕಷ್ಟವನ್ನು ಗುರುತಿಸಿಲ್ಲ" ಅಂತ ಬಂತು! ಅವತ್ತೇ ತಮ್ಮನಿಗೆ ಫೋನ್ ಮಾಡಿದೆ. ಇದು ನನ್ನೊಬ್ಬನ ಅನುಭವ ಅಲ್ಲ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿಯೇ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನು ಅದು ಅತಿಯಾಗಿ ತಲೆಯಾಡಿಸುತ್ತದೆ ಅಂತ ವಾಪಸ್ ತೆಗೆದುಕೊಂಡಿತ್ತು. ಮನೆ ಜಗಳವನ್ನು ಇವುಗಳ ಮುಂದೆ ಇಡಬೇಡಿ. ಇಟ್ಟರೆ ಇಬ್ಬರ ಕಡೆಯಿಂದಲೂ ಬರೆದು ನೋಡಿ.

ದುಡ್ಡು ಕೊಟ್ಟ ಆಪ್‌ನ ತೊಂದರೆ ಬೇರೆ. ಅದಕ್ಕಿಂತ ದೊಡ್ಡದು. ಅದರಲ್ಲಿ ಕನ್ನಡ ಇದೆ ಅಂತ ಹಾಕಿದ್ದಾರೆ, ಆದರೆ ನಮ್ಮ ಮಾತು ಅದಕ್ಕೆ ತಲುಪುವುದಿಲ್ಲ. ನಮ್ಮ ಕಡೆ ದುಃಖವನ್ನು ಯಾರು ನೇರವಾಗಿ ಹೇಳುತ್ತಾರೆ? "ಎದೆ ಭಾರ" ಅನ್ನುತ್ತೇವೆ, "ಯಾಕೋ ಬೇಜಾರು" ಅನ್ನುತ್ತೇವೆ, "ಸಾಕಾಗಿ ಹೋಗಿದೆ" ಅನ್ನುತ್ತೇವೆ. ಈ ಕೊನೆಯದನ್ನು ಮಂಡಿಯಲ್ಲಿ ದಿನಕ್ಕೆ ಹತ್ತು ಜನ ಅನ್ನುತ್ತಾರೆ, ಒಂಬತ್ತು ಜನಕ್ಕೆ ಅದು ಬರೀ ಸುಸ್ತು, ಹತ್ತನೆಯವನಿಗೆ ಬೇರೆಯೇ ಇರಬಹುದು, ಅದನ್ನು ಮುಖ ನೋಡಿ ತಿಳಿಯಬೇಕು. ಎದೆ ಭಾರ ಅಂತ ಬರೆದಾಗ ಆಪ್ ಹೃದಯದ ಪರೀಕ್ಷೆ ಮಾಡಿಸಿ ಅಂತು. ಇರಲಿ, ಅದು ತಪ್ಪೇನಲ್ಲ. ಆದರೆ ಒಂದು ರಾತ್ರಿ ನಾನು "ನಾನಿಲ್ಲದಿದ್ರೆ ಮನೆಯವರಿಗೆ ಭಾರ ಕಡಿಮೆ ಆಗುತ್ತೆ" ಅಂತ ಬರೆದೆ. ಮನೆಗೆಲಸವನ್ನು ಎಲ್ಲರೂ ಹಂಚಿಕೊಂಡರೆ ಭಾರ ಕಡಿಮೆ ಆಗುತ್ತದೆ, ಒಂದು ಪಟ್ಟಿ ಮಾಡಿಕೊಳ್ಳಿ ಅಂತ ಉತ್ತರ ಬಂತು.

ಅದನ್ನು ಓದಿ ಮೊಬೈಲ್ ಕೆಳಗಿಟ್ಟೆ. ಆ ರಾತ್ರಿ ಏನಾದರೂ ಮಾಡಿಕೊಳ್ಳಬೇಕು ಅಂತ ನಾನು ಹೊರಟಿರಲಿಲ್ಲ. ಆದರೆ ಆ ಮಾತು ನನ್ನೊಳಗಿಂದ ಬಂದದ್ದು ನಿಜ, ಅದನ್ನು ಕೇಳಿಸಿಕೊಳ್ಳಲಿ ಅಂತಲೇ ಬರೆದದ್ದು. ಆಮೇಲೆ ಅಕ್ಕನ ಮಗ ಅದೇ ಮಾತನ್ನು ಇಂಗ್ಲಿಷ್‌ನಲ್ಲಿ ಹಾಕಿ ನೋಡಿದ. ಇಂಗ್ಲಿಷ್‌ನಲ್ಲಿ ತಕ್ಷಣ ಸಹಾಯವಾಣಿ ನಂಬರ್ ಬಂತು.

ಅಮ್ಮನ ಬಿಪಿ ಮಾತ್ರೆಗೆ ಹೋದಾಗ ಗೋಡೆ ಮೇಲೆ 14416 ಅಂತ ನೋಡಿದ್ದು ನೆನಪಿತ್ತು. ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸಹಾಯವಾಣಿ. ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಪೂರ್ತಿ ಉಚಿತ, ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಬಹುದು. ಮನೆಯವರು ಏಳಬಾರದು ಅಂತ ಅಂಗಳಕ್ಕೆ ಬಂದು ಮಾಡಿದೆ. ಒಬ್ಬ ಹೆಣ್ಣುಮಗಳು ಮಾತಾಡಿದರು. ಅದೇ ವಾಕ್ಯವನ್ನು ಅವರಿಗೆ ಹೇಳಿದೆ. ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಸರ್, ಸಾಯಬೇಕು ಅಂತ ಯೋಚನೆ ಬರುತ್ತಾ?" ಅಂತ ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ನನಗಂತೂ ಯಾರೋ ಬಾಗಿಲು ತೆಗೆದ ಹಾಗಾಯಿತು. "ಆಗಾಗ ಬರುತ್ತೆ ಮೇಡಂ" ಅಂದೆ. ಈಗ ಪಕ್ಕದಲ್ಲಿ ಯಾರಿದ್ದಾರೆ ಅಂತ ಕೇಳಿದರು, ಹೆಂಡತಿಯನ್ನು ಎಬ್ಬಿಸಬಹುದಾ ಅಂತ ಕೇಳಿದರು. ನಡುವೆ ನಾನು ತೆಲುಗಿಗೆ ಹೋದೆ, ಮನೆಯಲ್ಲಿ ಮಾತಾಡುವುದು ತೆಲುಗೇ ಅಲ್ವಾ. ಅವರು ತಡೆಯಲಿಲ್ಲ. ಮುಕ್ಕಾಲು ಗಂಟೆ ಮಾತಾಡಿದೆವು.

ಅವರು ಹೇಳಿದ ಮೇಲೆಯೇ ಜಿಲ್ಲಾ ಆಸ್ಪತ್ರೆಗೆ, ನಾವು ಎಸ್‌ಎನ್‌ಆರ್ ಅನ್ನುತ್ತೇವೆ, ಅಲ್ಲಿ ಮನೋವೈದ್ಯರನ್ನು ನೋಡಲು ಹೋದೆ. ಇಲ್ಲಿ ಆಪ್‌ಗೆ ಮತ್ತೆ ಒಂದು ಒಳ್ಳೆಯ ಮಾತು ಹೇಳಬೇಕು. ಅದರಲ್ಲಿ ಖಿನ್ನತೆ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳಿವೆ, ಹಿಂದಿನ ಎರಡು ವಾರದ ಬಗ್ಗೆ. ಒಟ್ಟು 27ಕ್ಕೆ ನನಗೆ 14 ಬಂದಿತ್ತು. ಅದನ್ನೂ ನೋಟ್‌ಬುಕ್ಕನ್ನೂ ಡಾಕ್ಟರ ಮುಂದೆ ಇಟ್ಟೆ. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಓದಿಕೊಂಡರು. ರಕ್ತ ಪರೀಕ್ಷೆಗೂ ಬರೆದರು. ಥೈರಾಯ್ಡ್ ಸರಿ ಇತ್ತು, ಬಿ12 ಕಡಿಮೆ ಇತ್ತು. ಮೂರು ತಿಂಗಳು ದಿನಾ ಮಾತಾಡಿಸಿದ ಆಪ್‌ಗೆ ಇದು ಗೊತ್ತಾಗಲು ಸಾಧ್ಯವೇ ಇರಲಿಲ್ಲ. ತಾಲ್ಲೂಕಿನವರು ಕೋಲಾರಕ್ಕೇ ಬರಬೇಕು ಅಂತಿಲ್ಲ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹೋಗುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

ಗುಟ್ಟಿನ ಬಗ್ಗೆ ಒಂದು ಮಾತು. ಡಾಕ್ಟರಿಗೆ ಹೇಳಿದ್ದು ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಚಾಟ್‌ಬಾಟ್ ಜೊತೆಗಿನ ಮಾತಿಗೆ ಡಾಕ್ಟರ ಮುಂದಿನ ಮಾತಿನ ಹಾಗೆ ಕಾನೂನಿನ ರಕ್ಷಣೆ ಇಲ್ಲ ಅಂತ 2025ರಲ್ಲಿ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ ಒಪ್ಪಿಕೊಂಡಿದ್ದಾರೆ. ಹೆಸರು, ಊರು, ಸರ್ವೆ ನಂಬರ್ ಇಂಥದ್ದನ್ನು ಹಾಕಬೇಡಿ. ನಾನು ಹಾಕಿದ್ದೆ, ಆಮೇಲೆ ಅಳಿಸಿದೆ.

ಸ್ಟಾರ್ ಕೊಡುವುದಾದರೆ ಎಐ ಚಾಟ್‌ಬಾಟ್‌ಗೆ ಎರಡು. ಆಪ್‌ಗೆ ಅಭ್ಯಾಸಗಳಿಗಾಗಿ ನಾಲ್ಕು ಕೊಡುತ್ತಿದ್ದೆ, ಆ ಒಂದು ರಾತ್ರಿಗಾಗಿ ಎರಡು ಕಳೆಯುತ್ತೇನೆ. ದುಡ್ಡಿನ ಪ್ಲಾನ್ ನಿಲ್ಲಿಸಿದ್ದೇನೆ. ಸಂಜೆ ಐದೂವರೆಯ ಬರವಣಿಗೆ ನಿಲ್ಲಿಸಿಲ್ಲ. ಭಾನುವಾರ ಬೆಳಗ್ಗೆ ತಮ್ಮ ಬರುತ್ತಾನೆ, ಇಬ್ಬರೂ ಅಂತರಗಂಗೆ ಮೆಟ್ಟಿಲು ಹತ್ತುತ್ತೇವೆ. ಈಗ ರಾತ್ರಿ ಐದು ತಾಸು ನಿದ್ದೆ ಬರುತ್ತಿದೆ.

ಆಪ್ ಕಂಪನಿಗೆ ಆ ವಾಕ್ಯದ ಸ್ಕ್ರೀನ್‌ಶಾಟ್ ಕಳಿಸಿ, ಇದನ್ನು ಸರಿ ಮಾಡಿ, ನನ್ನ ಥರ ಎಷ್ಟೋ ಜನ ಹೀಗೇ ಬರೆಯುತ್ತಾರೆ ಅಂತ ಎರಡು ಸಲ ಮೇಲ್ ಮಾಡಿದೆ. ಧನ್ಯವಾದ ಅಂತ ಬಂತು. ಹೋದ ವಾರ ಅದೇ ವಾಕ್ಯವನ್ನು ಮತ್ತೆ ಟೈಪ್ ಮಾಡಿ ನೋಡಿದೆ. ಮನೆಗೆಲಸದ ಪಟ್ಟಿ ಮಾಡಿಕೊಳ್ಳಿ ಅಂತಲೇ ಬಂತು. ಅದಕ್ಕೇ ಇಷ್ಟು ಬರೆದೆ.