ಮನೆಯ ಪೋಕರ್ ಮೇಜು: ಯಾವ ಹೊದಿಕೆ, ಯಾವ ಆಕಾರ?

ಮೇಜು ಮಾಡಿಸುವ ಮುನ್ನ ಮೇಲ್ಹೊದಿಕೆಯನ್ನು ತೀರ್ಮಾನಿಸಿ. ಕೈ ಆಡುವುದು ಅದರ ಮೇಲೆಯೇ. ಸಾದಾ ಫೆಲ್ಟ್ ಬಟ್ಟೆ ಅಗ್ಗ, ಅಂಟಿಸುವುದೂ ಸುಲಭ. ಆದರೆ ಚಹಾ ಚೆಲ್ಲಿದರೆ ಹೀರಿಕೊಳ್ಳುತ್ತದೆ, ದಿನ ಕಳೆದಂತೆ ಜುಂಗು ಏಳುತ್ತದೆ. ಸ್ಪೀಡ್ ಕ್ಲಾತ್ ಎಂಬ ಪಾಲಿಯೆಸ್ಟರ್ ಬಟ್ಟೆಗೆ ಬೆಲೆ ಹೆಚ್ಚು. ಅದರ ಮೇಲೆ ಚಹಾ ಹನಿಯಾಗಿ ನಿಲ್ಲುತ್ತದೆ, ತಕ್ಷಣ ಒರೆಸಿದರೆ ಮುಗಿಯಿತು. ಎಸೆದ ಇಸ್ಪೀಟ್ ಎಲೆಯೂ ಸಲೀಸಾಗಿ ಜಾರುತ್ತದೆ. ಹಬ್ಬಕ್ಕೊಮ್ಮೆ ಆಡುವವರಿಗೆ ಫೆಲ್ಟ್ ಸಾಕು. ವಾರವಾರ ಕೂರುವವರು ಸ್ಪೀಡ್ ಕ್ಲಾತ್‌ಗೇ ಹಣ ಹಾಕಲಿ.

ಯಾವುದೇ ಆದರೂ ಕೆಳಗೆ ಕಾಲು ಅಂಗುಲದ ಗಟ್ಟಿ ಫೋಮ್ ಇರಲೇಬೇಕು. ಬರಿಯ ಪ್ಲೈವುಡ್‌ಗೆ ಬಟ್ಟೆ ಬಿಗಿದರೆ ಮಲಗಿದ ಎಲೆಯ ಅಂಚು ಉಗುರಿಗೆ ಸಿಗುವುದಿಲ್ಲ. ಫೋಮ್ ಇದ್ದರೆ ಬೆರಳೊತ್ತಿದಲ್ಲಿ ತಗ್ಗಿ, ಎಲೆ ಕೈಗೆ ಬರುತ್ತದೆ.

4 ಅಡಿ ವ್ಯಾಸದ ದುಂಡು ಮೇಜಿನಲ್ಲಿ ಐದಾರು ಜನ ಎದುರುಬದುರಾಗಿ ಕೂರಬಹುದು, ಚಿಕ್ಕ ಕೋಣೆಗೆ ಅದೇ ಸರಿ. 8×4 ಅಡಿಯ ಒಂದು ಪ್ಲೈವುಡ್ ಹಾಳೆಯಿಂದ ಅಂಡಾಕಾರ ಕತ್ತರಿಸಿದರೆ ಎಂಟೊಂಬತ್ತು ಜನ ಹಿಡಿಸುತ್ತಾರೆ. ಆದರೆ ಕುರ್ಚಿ ಸರಿಸಲು ಸುತ್ತಲೂ 3 ಅಡಿ ಬೇಕು, ಕೋಣೆಯನ್ನು ಅಳೆದೇ ಬಡಗಿಗೆ ಹೇಳಿ. ಅದೇ ಮೇಜಿನಲ್ಲಿ ಊಟವೂ ನಡೆಯುವುದಾದರೆ ಲೋಟ ಇಡುವ ಕುಳಿಗಳನ್ನು ಕೊರೆಸಬೇಡಿ.